ಸಾಗರ ನೋಡೋಣ, ಕಾದಂಬರಿ ಓದೋಣ

ಅಕ್ಕಂದಿರೆ, ನಮ್ಮೂರ ಹೆಸರು ಓದಿ. ಭ-ರ-ಮ-ಸಾ-ಗ-ರ. ಈ ಹೆಸರಿನಲ್ಲಿ ಸಾಗರ ಇದೆ. ಸಾಗರ ಅಂದರೆ ಸಮುದ್ರ. ಆದರೆ ನಮ್ಮೂರಲ್ಲಿ ಇರುವುದು ಕೆರೆ. ಚಿತ್ರದುರ್ಗವನ್ನು 1689ರಿಂದ 1721ರವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣ ನಾಯಕರು ಈ ಕೆರೆ ಕಟ್ಟಿಸಿದರು. ಅವರ ಹೆಸರೇ ಊರಿಗೂ ಬಂತು.

ಬಯಲುಸೀಮೆಯ ಜನಕ್ಕೆ ನೀರು ಅಂದರೆ ಅಷ್ಟು ಆಸೆ. ದೊಡ್ಡ ಕೆರೆ ಕಂಡರೆ ಸಾಗರ ಅಂತಲೇ ಕರೆದರು. ಹಿರಿಯೂರಿನ ಹತ್ತಿರ ಮಾರಿಕಣಿವೆಯ ಅಣೆಕಟ್ಟಿಗೂ ವಾಣಿವಿಲಾಸ ಸಾಗರ ಅಂತ ಹೆಸರು. ಅದು 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ನಮ್ಮ ಕೆರೆಗೂ 2021ರಲ್ಲಿ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಬಿಟ್ಟರು.

ನಿಜವಾದ ಸಾಗರವನ್ನು ನೀವು ನೋಡಿದ್ದೀರಾ? ಲಾರಿ ಹತ್ತಿದ ಗಂಡಸರು ಮಂಗಳೂರು, ಕಾರವಾರ ನೋಡಿ ಬಂದಿರುತ್ತಾರೆ. ಹೆಂಗಸರು ಊರು ಬಿಡುವುದು ತವರಿಗೆ, ಜಾತ್ರೆಗೆ, ಆಸ್ಪತ್ರೆಗೆ. ತವರಿಗೆ ಹೋದರೂ ಅಲ್ಲಿ ಬಾಣಂತನ, ಮದುವೆ ಕೆಲಸ. ಸುಮ್ಮನೆ ಕೂರಬೇಕು ಅಂತಲೇ ನೀವು ಊರು ಬಿಟ್ಟದ್ದು ಯಾವಾಗ? ಬೆರಳು ಮಡಚಿ ಎಣಿಸಿ ನೋಡಿ.

ಈ ಪಾಠ ಅಂಥ ಒಂದು ರಜೆಯ ಬಗ್ಗೆ. ಮನೆಮಂದಿಯೆಲ್ಲ ಮೂರು ದಿನ ಸಮುದ್ರದ ದಂಡೆಗೆ ಹೋಗೋಣ. ಚೀಲದಲ್ಲಿ ಒಂದು ಕಾದಂಬರಿ ಇಟ್ಟುಕೊಳ್ಳೋಣ.

"ನಮಗ್ಯಾಕ್ರೀ ಅದು? ದುಡ್ಡಿದ್ದೋರ ಶೋಕಿ" ಅಂತ ಯಾರಾದರೂ ಅನ್ನಬಹುದು. ಲೆಕ್ಕ ಹಾಕೋಣ. ವಾರಕ್ಕೆ 50 ರೂಪಾಯಿ ತೆಗೆದಿಟ್ಟರೆ 40 ವಾರಕ್ಕೆ 2,000 ರೂಪಾಯಿ. ಮನೆಯಲ್ಲಿ ಇಬ್ಬರು ದುಡಿಯುವವರು ಹೀಗೆ ಇಟ್ಟರೆ 4,000. ಇದಕ್ಕಾಗಿ ಸಂಘದಲ್ಲಿ ಸಾಲ ಮಾತ್ರ ತೆಗೆಯಬೇಡಿ. ಸಾಲ ಮಾಡಿ ನೋಡಿದ ಸಮುದ್ರ ಮನೆಗೆ ಬಂದ ಮೇಲೂ ಕಾಡುತ್ತದೆ.

ಬಸ್ಸಿನ ಖರ್ಚು ಈಗ ಕಡಿಮೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ದುಡ್ಡಿಲ್ಲ. ಆಧಾರ್‌ನಂಥ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ತೆಗೆದುಕೊಳ್ಳಬೇಕು. ರಾಜಹಂಸ, ಮಲಗುವ ಬಸ್ಸು, ಖಾಸಗಿ ಬಸ್ಸು ಇದಕ್ಕೆ ಸೇರಿಲ್ಲ. ಶಿವಮೊಗ್ಗದ ಕಡೆ, ಕರಾವಳಿ ಕಡೆ ಖಾಸಗಿ ಬಸ್ಸು ಬಹಳ. ಹತ್ತುವ ಮುಂಚೆ ಬೋರ್ಡು ಓದಿ. ಗಂಡಸರಿಗೆ ಎಂದಿನಂತೆ ಟಿಕೆಟ್.

ದಾರಿಯ ಊರುಗಳನ್ನು ಜೋರಾಗಿ ಓದಿ. ದಾವಣಗೆರೆ. ಶಿವಮೊಗ್ಗ. ಸಾಗರ. ಜೋಗ. ಗೇರುಸೊಪ್ಪೆ. ಹೊನ್ನಾವರ. ನಡುವೆ ಸಾಗರ ಅಂತ ಬಂತಲ್ಲ, ಅಲ್ಲಿ ಇಳಿದುಬಿಡಬೇಡಿ! ಅಲ್ಲೂ ಸಮುದ್ರವಿಲ್ಲ. ಕೆಳದಿಯ ಸದಾಶಿವ ನಾಯಕರ ಹೆಸರಿನ ಕೆರೆಯಿಂದ ಆ ಊರಿಗೆ ಆ ಹೆಸರು. ಅವರೂ ನಮ್ಮವರ ಹಾಗೆಯೇ. ಹೊನ್ನಾವರದಿಂದ ದಕ್ಷಿಣಕ್ಕೆ ಹೋದರೆ ಮುರ್ಡೇಶ್ವರ. ಉತ್ತರಕ್ಕೆ ಹೋದರೆ ಕುಮಟಾ, ಗೋಕರ್ಣ.

ಯಾವಾಗ ಹೋಗಬೇಕು? ಮೆಕ್ಕೆಜೋಳ ಮುರಿದು, ಈರುಳ್ಳಿ ಮಾರಿದ ಮೇಲೆ. ಸಂಕ್ರಾಂತಿಯ ಹೊತ್ತು ಒಳ್ಳೆಯದು. ಆಗ ಕಡಲು ಶಾಂತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಮುಂಗಾರಿನಲ್ಲಿ ಕಡಲು ಹುಚ್ಚೆದ್ದಿರುತ್ತದೆ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗುವಂತಿಲ್ಲ. ಸರ್ಕಾರ ತಡೆ ಹಾಕುತ್ತದೆ.

ಇನ್ನು ಬುತ್ತಿಯ ಮಾತು. ಮೊದಲ ದಿನಕ್ಕೆ ಒಣಗಿದ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ಕಟ್ಟಿಕೊಳ್ಳಿ. ಒಲೆ, ಪಾತ್ರೆ, ಅಕ್ಕಿ ಕಟ್ಟಿಕೊಳ್ಳಬೇಡಿ. ಒಲೆ ಹೋದರೆ ಒಲೆಯ ಹಿಂದೆ ನೀವೂ ಹೋಗುತ್ತೀರಿ. ಮಕ್ಕಳು ಅಲೆಯಲ್ಲಿ ಆಡುತ್ತಾರೆ, ಯಜಮಾನರು ಮರಳಲ್ಲಿ ಮಲಗುತ್ತಾರೆ, ನೀವು ಅನ್ನ ಬಸಿಯುತ್ತೀರಿ. ಆಮೇಲೆ ರಜೆ ಯಾರಿಗೆ? ಹೊರಡುವ ಮುಂಚೆಯೇ ಮನೆಯಲ್ಲಿ ಮಾತಾಡಿ. "ಬೆಳಿಗ್ಗೆ ಒಂದು ಗಂಟೆ, ಸಾಯಂಕಾಲ ಒಂದು ಗಂಟೆ ನಾನು ಓದ್ತೀನಿ. ಆಗ ಮಕ್ಕಳನ್ನು ನೀವು ನೋಡ್ಕೊಳ್ರಿ" ಅಂತ ಹೇಳಿ. ನಗುತ್ತಾ ಹೇಳಿ. ಆದರೆ ಹೇಳಿ.

ಸಮುದ್ರ ಮೊದಲ ಸಲ ನೋಡಿದಾಗ ಕಣ್ಣು ಆಚೆ ದಡ ಹುಡುಕುತ್ತದೆ. ಆಚೆ ದಡ ಕಾಣುವುದಿಲ್ಲ. ಕೆರೆಯ ನೀರಿಗೆ ಅಭ್ಯಾಸವಾದ ಕಣ್ಣಿಗೆ ಇದೇ ಮೊದಲ ಆಶ್ಚರ್ಯ. ಎರಡನೆಯದು ಉಪ್ಪು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಈ ನೀರನ್ನು ಗದ್ದೆಯಂಥ ಮಡಿಗಳಲ್ಲಿ ನಿಲ್ಲಿಸುತ್ತಾರೆ. ಬಿಸಿಲಿಗೆ ನೀರು ಆರಿ ಉಪ್ಪು ಉಳಿಯುತ್ತದೆ.

ಮೂರನೆಯದು ಉಬ್ಬರ ಮತ್ತು ಇಳಿತ. ನೀರು ಸುಮಾರು ಆರು ಗಂಟೆ ಏರುತ್ತದೆ. ಸುಮಾರು ಆರು ಗಂಟೆ ಇಳಿಯುತ್ತದೆ. ಚಂದ್ರನ ಸೆಳೆತ, ಸೂರ್ಯನ ಸೆಳೆತ ಇದಕ್ಕೆ ಕಾರಣ. ಅಮಾವಾಸ್ಯೆ, ಹುಣ್ಣಿಮೆಗೆ ಎರಡೂ ಸೆಳೆತ ಕೂಡುತ್ತವೆ. ಆಗ ಉಬ್ಬರ ಜೋರು. ಬೆಳಿಗ್ಗೆ ನೀವು ಚಾಪೆ ಹಾಸಿದ ಜಾಗ ಮಧ್ಯಾಹ್ನ ನೀರಿನಲ್ಲಿ ಇರಬಹುದು. ಚಾಪೆ ಹೋದರೆ ಹೋಗಲಿ, ಪುಸ್ತಕ ಹೋದರೆ ಕಷ್ಟ.

ಈಗ ಒಂದು ಕಹಿ ಮಾತು ಹೇಳಲೇಬೇಕು. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ಸತ್ತರು. ಅವರೂ ನಮ್ಮ ಮಕ್ಕಳ ಹಾಗೆ ಬಯಲುಸೀಮೆಯ ಮಕ್ಕಳು. ಕಡಲಿನಲ್ಲಿ ದಡದಿಂದ ಒಳಕ್ಕೆ ಎಳೆಯುವ ಸೆಳೆತ ಇರುತ್ತದೆ. ಅಲೆ ಒಡೆಯದೆ ನೀರು ಸುಮ್ಮನಿದ್ದಂತೆ ಕಾಣುವ ಜಾಗದಲ್ಲೇ ಅದು ಇರಬಹುದು. ಮೊಣಕಾಲು ಮುಳುಗುವಷ್ಟು ನೀರು ಸಾಕು. ಮಗುವಿನ ಕೈ ಬಿಡಬೇಡಿ. ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲುವುದೂ ಕಷ್ಟ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ಈಜು ಬಾರದವರು ಹಿಂದೆ ಹೋಗಬಾರದು. ಕಾವಲಿನವರನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯಲೇಬಾರದು. ಎಚ್ಚರಿಕೆಯ ಬೋರ್ಡು ಕಂಡರೆ ನಿಂತು ಓದಿ. ಜೊತೆಯವರಿಗೂ ಕೇಳುವಂತೆ ಗಟ್ಟಿಯಾಗಿ ಓದಿ.

ಇನ್ನು ಕಾದಂಬರಿ. ಕಾದಂಬರಿ ಅಂದರೆ ಉದ್ದ ಕಥೆ. ದಪ್ಪ ನೋಡಿ ಹೆದರಬೇಡಿ. ಅದನ್ನು ಅಧ್ಯಾಯ ಅಂತ ತುಂಡು ಮಾಡಿರುತ್ತಾರೆ. ರೊಟ್ಟಿ ಮುರಿದು ತಿನ್ನುವ ಹಾಗೆ ಒಂದೊಂದೇ ತುಂಡು ಓದಬೇಕು. ಕಷ್ಟದ ಒತ್ತಕ್ಷರ ಬಂದರೆ ಎರಡು ಸಲ ನೋಡಿ. ಆಗಲೂ ಬಾರದಿದ್ದರೆ ಬಿಟ್ಟು ಮುಂದೆ ಹೋಗಿ. ಮುಂದಿನ ಸಾಲೇ ಅರ್ಥ ಹೇಳುತ್ತದೆ. ನಿಲ್ಲಿಸಿದ ಕಡೆ ಗುರುತಿಗೆ ಬಸ್ಸಿನ ಶೂನ್ಯ ಟಿಕೆಟ್ ಇಡಿ. ಕಣ್ಣು ಸೋತರೆ ಮಗಳ ಕೈಗೆ ಕೊಟ್ಟು ಓದಿಸಿ, ನೀವು ಕೇಳಿ.

ಮೊದಲ ಪುಸ್ತಕಕ್ಕೆ ಸಿನಿಮಾ ಆದ ಕಥೆ ಹಿಡಿದರೆ ಸಲೀಸು. ಕಥೆ ಗೊತ್ತಿರುತ್ತದೆ, ಅಕ್ಷರ ಓಡುತ್ತದೆ. 1972ರ "ನಾಗರಹಾವು" ಸಿನಿಮಾ ನಮ್ಮ ದುರ್ಗದ ಕೋಟೆಯಲ್ಲೇ ತೆಗೆದದ್ದು. ಅದರ ಮೂಲ ತ.ರಾ.ಸು. ಅವರ ಕಾದಂಬರಿಗಳು. ತ್ರಿವೇಣಿಯವರ "ಶರಪಂಜರ" 1971ರಲ್ಲಿ ಸಿನಿಮಾ ಆಯಿತು. ಮನಸ್ಸಿನ ಕಾಯಿಲೆ ವಾಸಿಯಾಗಿ ಬಂದ ಹೆಂಗಸನ್ನು ಮನೆಯವರೇ ನಂಬದಿದ್ದರೆ ಏನಾಗುತ್ತದೆ? ಅದೇ ಆ ಕಥೆ. ನಮ್ಮ ಕೆರೆ ಕಟ್ಟಿಸಿದ ಭರಮಣ್ಣ ನಾಯಕರ ಮೇಲೂ ಚಿತ್ರದುರ್ಗದ ಬಿ.ಎಲ್. ವೇಣು ಕಾದಂಬರಿ ಬರೆದಿದ್ದಾರೆ.

ಎಂ.ಕೆ. ಇಂದಿರಾ ಅವರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅವರು 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ಶಾಲೆ ಕಲಿತದ್ದು ಕಡಿಮೆ. ಸಣ್ಣ ವಯಸ್ಸಿಗೇ ಮದುವೆ. ಅವರ ಮೊದಲ ಕಾದಂಬರಿ "ತುಂಗಭದ್ರ" ಬಂದದ್ದು 1963ರಲ್ಲಿ. ಆಗ ಅವರಿಗೆ 46 ವರ್ಷ. ನಮ್ಮ ಕಲಿಕಾ ಕೇಂದ್ರದಲ್ಲಿ "ಈ ವಯಸ್ಸಿಗೆ ಯಾಕೆ?" ಅನ್ನುವವರು ಈ ಲೆಕ್ಕ ನೆನಪಿಡಲಿ. ಅವರ "ಫಣಿಯಮ್ಮ" 1976ರಲ್ಲಿ ಬಂತು. ಮಗುವಾಗಿದ್ದಾಗಲೇ ಮದುವೆಯಾಗಿ ಗಂಡನನ್ನು ಕಳೆದುಕೊಂಡವಳ ಕಥೆ. ನಿಜವಾಗಿ ಬದುಕಿದ್ದ ಹೆಂಗಸು ಅವರು. ಬಾಳೆಲ್ಲ ಕಟ್ಟುಪಾಡಿನಲ್ಲೇ ಕಳೆದ ಫಣಿಯಮ್ಮ, ತಲೆ ಬೋಳಿಸಿಕೊಳ್ಳಲು ಒಲ್ಲೆ ಅಂದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾರೆ. ಪುಸ್ತಕ ತೆಳ್ಳಗಿದೆ. ಮೂರು ದಿನಕ್ಕೆ ಸರಿಹೋದೀತು.

ಓದು ಚೆನ್ನಾಗಿ ಹಿಡಿದವರು ಶಿವರಾಮ ಕಾರಂತರ "ಮರಳಿ ಮಣ್ಣಿಗೆ" ಒಯ್ಯಿರಿ. ಅದು ಕಡಲ ದಂಡೆಯ ಒಂದು ಮನೆಯ ಮೂರು ತಲೆಮಾರಿನ ಕಥೆ. ಅಲ್ಲಿ ಪಾರೋತಿ, ಸರಸೋತಿ ಅಂತ ಇಬ್ಬರು ಬರುತ್ತಾರೆ. ನಾದಿನಿ, ಅತ್ತಿಗೆ. ಹಗಲಿಡೀ ಗೇಯುವ ಹೆಂಗಸರು. ನಾವು ಸುಮ್ಮನೆ ಕೂತು ನೋಡುವ ಕಡಲು ಅವರಿಗೆ ಬಾಗಿಲ ಮುಂದಿನ ಕೆಲಸ, ಮಳೆಗಾಲದ ಭಯ. ಪುಸ್ತಕದಿಂದ ತಲೆ ಎತ್ತಿದರೆ ಈಗಲೂ ಅಂಥವರು ಕಾಣುತ್ತಾರೆ. ಮೀನಿನ ಬುಟ್ಟಿ ಹೊತ್ತು ನಡೆಯುವ ಅಕ್ಕಂದಿರು. ಅವರಿಗೆ ಅದು ರಜೆಯ ಜಾಗವಲ್ಲ, ನಮ್ಮ ಈರುಳ್ಳಿ ಹೊಲದ ಹಾಗೆ ದುಡಿಯುವ ಜಾಗ. ಮಾತಾಡಿಸಿ. ಅವರೂ ಬಯಲುಸೀಮೆಯ ಬಗ್ಗೆ ಕೇಳುತ್ತಾರೆ.

ಪುಸ್ತಕ ಎಲ್ಲಿ ಸಿಗುತ್ತದೆ? ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಅದನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. ಎರವಲು ತಂದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಯ್ಯಿರಿ. ಕಡಲ ಗಾಳಿಯ ತೇವಕ್ಕೆ ಹಾಳೆ ಮೆತ್ತಗಾಗುತ್ತದೆ, ಮರಳು ನಡುವೆ ಸೇರುತ್ತದೆ. ವಾಪಸ್ ಕೊಡುವ ಮುಂಚೆ ಮರಳು ಕೊಡವಿ, ನೆರಳಿನಲ್ಲಿ ಹಾಳೆ ಬಿಡಿಸಿ ಒಣಗಿಸಿ. ಪುಸ್ತಕ ಕೊಟ್ಟವರು "ಹೆಂಗಿತ್ತಮ್ಮ?" ಅಂತ ಕೇಳಬಹುದು. ಉತ್ತರ ಇಲ್ಲಿ ಬರೆದುಕೊಳ್ಳಿ.

ನಾನು ಓದಿದ ಕಾದಂಬರಿ: ....................

ಬರೆದವರು: ....................

ಓದಿದ ಜಾಗ: ....................

ಇಷ್ಟವಾದ ಹೆಂಗಸು, ಯಾಕೆ ಇಷ್ಟವಾದಳು: ....................

ನನ್ನ ಸಹಿ: ....................