ಕ್ಯಾಲೆಂಡರಿನ ಮೇಲೊಂದು ಚುಕ್ಕಿ

ಮಗಳೇ,

ನಿನ್ನ ಮದುವೆಗೆ ಇನ್ನು ಇಪ್ಪತ್ತು ದಿನ. ಸೀರೆ, ಬಳೆ, ಭಾಂಡೆ ಸಾಮಾನು ಎಲ್ಲದರ ಮಾತೂ ಮನೆಯಲ್ಲಿ ಆಗಿದೆ. ಮುಟ್ಟು, ಬಸಿರಿನ ಈ ಒಂದು ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಿಮ್ಮವ್ವ ಎತ್ತುವವಳಲ್ಲ, ನಮ್ಮವ್ವನೂ ನನಗೆ ಹೇಳಿರಲಿಲ್ಲ. ಹಗರಿಬೊಮ್ಮನಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಸಿಸ್ಟರ್ ಆಗಿ ತಿರುಗಿದ ನಿನ್ನ ದೊಡ್ಡವ್ವನ ನಾಚಿಕೆ ಕೆಲಸಕ್ಕೆ ಸೇರಿದ ವರ್ಷವೇ ಉದುರಿಹೋಯಿತು. ಅದಕ್ಕೇ ಈ ಕಾಗದ.

ನಮ್ಮ ಕಡೆಯವರು ಮಳೆಯ ಲೆಕ್ಕದಲ್ಲಿ ಗಟ್ಟಿ. ರೋಹಿಣಿ ಎಂದು ಶುರು, ಮೃಗಶಿರ ಎಂದು ಮುಗಿಯುತ್ತದೆ ಅಂತ ಪಂಚಾಂಗ ತೆರೆಯದೆ ಹೇಳುತ್ತಾರೆ. ಆದರೆ ಹೋದ ತಿಂಗಳು ಯಾವ ತಾರೀಖಿಗೆ ಮುಟ್ಟಾದೆ ಅಂತ ಕೇಳಿದರೆ, "ಅಮಾಸಿ ಹಿಂದೋ ಮುಂದೋ ಆಗಿತ್ರೀ ಸಿಸ್ಟರ್" ಅನ್ನುತ್ತಿದ್ದರು. ನೀನು ಹಾಗನ್ನಬೇಡ. ಮುಟ್ಟಾದ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಚುಕ್ಕಿ ಇಡು.

ಬಸಿರು ನಿಲ್ಲುವುದು ಎಂದು ಅಂತ ಕೇಳಿದರೆ ಓದಿದ ಹುಡುಗಿಯರು 'ಮುಟ್ಟಾದ ಹದಿನಾಲ್ಕನೇ ದಿನ' ಅಂತ ಬಾಯಿಪಾಠ ಒಪ್ಪಿಸುತ್ತಾರೆ. ಅದು ತಲೆಕೆಳಗಾದ ಲೆಕ್ಕ. ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. 28 ದಿನಕ್ಕೆ ಸರಿಯಾಗಿ ಆಗುವವಳಿಗೆ ಎರಡೂ ಲೆಕ್ಕ ಒಂದೇ ದಿನಕ್ಕೆ ಬೀಳುತ್ತವೆ, ಅಷ್ಟೇ. 35 ದಿನಕ್ಕೆ ಆಗುವವಳಿಗೆ ಅದು 21ನೇ ದಿನದ ಆಸುಪಾಸು. ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಮಾತ್ರ ಒಳಗೆ ಐದು ದಿನದವರೆಗೂ ಕಾದು ಕೂತೀತು. ಹಾಗಾಗಿ ಬಸಿರು ನಿಲ್ಲಬಹುದಾದ ದಿನ ಒಂದಲ್ಲ, ಆರು. ಮುಂದಿನ ಮುಟ್ಟು ಎಂದು ಬರುತ್ತದೆಂದು ಮೊದಲೇ ಬಲ್ಲವರು ಯಾರು? ಒಂದು ಜ್ವರ, ಒಂದು ಚಿಂತೆ ಸಾಕು, ದಿನ ಜರುಗುತ್ತದೆ. ಲೆಕ್ಕ ಇಡು, ಲೆಕ್ಕವನ್ನೇ ನಂಬಿ ಕೂರಬೇಡ. ಚುಕ್ಕಿ ಇಡುವುದು ದಿನ ತಪ್ಪಿದ್ದು ಬೇಗ ತಿಳಿಯಲಿ ಅಂತ. ತಪ್ಪಿದರೆ ಊರಿನ ಆಶಾ ಕಾರ್ಯಕರ್ತೆಯ ಹತ್ತಿರ ಬಸಿರು ಪರೀಕ್ಷೆಯ 'ನಿಶ್ಚಯ್' ಕಿಟ್ ಇರುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿಕೊಳ್ಳುವುದು.

ಒಬ್ಬಳು ಏಳು ತಿಂಗಳ ಕೂಸನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದಳು. "ಹೊಟ್ಯಾಗ ಏನೋ ಗಂಟು ಆಗೇತ್ರಿ" ಅಂದಳು. ಮುಟ್ಟಿ ನೋಡಿದರೆ ನಾಲ್ಕು ತಿಂಗಳು ತುಂಬಿದ ಬಸಿರು. "ಹೆರಿಗಿ ಆದಮ್ಯಾಗ ಒಮ್ಮೆನೂ ಮುಟ್ಟೇ ಆಗಿಲ್ಲಲ್ರಿ, ಹೆಂಗ ಆಗತೈತಿ?" ಅಂತ ನನ್ನನ್ನೇ ಕೇಳಿದಳು. ಆಗುತ್ತದೆ ಮಗಳೇ. ಮೊದಲು ಅಂಡಾಣು, ಆಮೇಲೆ ಮುಟ್ಟು. ಬಾಣಂತನದ ಮೊದಲ ಮುಟ್ಟಿಗೂ ಮುಂಚೆಯೇ ದಾರಿ ತೆರೆದಿರುತ್ತದೆ. ಎದೆಹಾಲು ತಡೆಯುತ್ತದೆ ಅನ್ನುವುದು ಪೂರಾ ಸುಳ್ಳಲ್ಲ, ಆದರೆ ಮೂರೂ ಕೂಡಿ ಬರಬೇಕು: ಕೂಸಿಗೆ ಆರು ತಿಂಗಳು ಆಗಿರಬಾರದು, ಹಗಲೂ ರಾತ್ರಿ ಎದೆಹಾಲೇ ಆಗಬೇಕು, ಮುಟ್ಟು ಮರಳಿರಬಾರದು. ಒಂದು ಕಳಚಿದರೂ ಮುಗಿಯಿತು. ಅವಳ ರಕ್ತ ಮೊದಲೇ ಕಡಿಮೆ ಇತ್ತು. ಆ ಎರಡನೇ ಹೆರಿಗೆಯ ದಿನ ನಾನು ಪಟ್ಟ ಪಾಡು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ನಿಮಗೆ ಎರಡು ವರ್ಷ ಮಗು ಬೇಡವಾದರೆ ಮದುವೆಗೆ ಮುಂಚೆಯೇ ಮಾತಾಡಿಕೊಳ್ಳಿ. ಏನೂ ಮಾಡದೆ ಇದ್ದರೆ ವರ್ಷದೊಳಗೆ ನೂರು ಮಂದಿಯಲ್ಲಿ ಸುಮಾರು 85 ಮಂದಿ ಬಸಿರಾಗುತ್ತಾರೆ. ಗಂಡ 'ನಾನು ಹುಷಾರಾಗಿರ್ತೀನಿ, ಹೊರಗೆ ಬಿಡ್ತೀನಿ' ಅಂದದ್ದನ್ನು ನಂಬಿದವರಲ್ಲೂ ಸುಮಾರು 20 ಮಂದಿ. ನಿರೋಧ್, ಅಂದರೆ ಕಾಂಡೋಮ್, ಸರಿಯಾಗಿ ಬಳಸಿದರೆ 2, ಜನ ನಿಜವಾಗಿ ಬಳಸುವ ರೀತಿಯಲ್ಲಿ 13. ಲೈಂಗಿಕ ಕಾಯಿಲೆ ತಡೆಯುವುದು ಅದೊಂದೇ. ದಿನಾ ನುಂಗುವ ಗರ್ಭನಿರೋಧಕ ಮಾಲಾ-ಎನ್ ಪಟ್ಟಿಯಲ್ಲಿ 28 ಮಾತ್ರೆ. ಕೊನೆಯ ಏಳು ಕಬ್ಬಿಣಾಂಶದವು. ಅವನ್ನು ಎಸೆದು ಹೊಸ ಪಟ್ಟಿ ಶುರುಮಾಡುವ ದಿನ ಮರೆತವರನ್ನು ಎಷ್ಟೋ ಕಂಡಿದ್ದೇನೆ. ಶುರುಮಾಡುವ ಮೊದಲು ಬಿಪಿ ನೋಡಿಸು. ವಂಕಿ, ಅಂದರೆ ಕಾಪರ್-ಟಿ, ಮಗು ಆಗದವರಿಗೂ ಹಾಕಬಹುದು. ವಿಫಲವಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ, ತೆಗೆಸಿದರೆ ಮತ್ತೆ ಬಸಿರು ನಿಲ್ಲಲು ಅಡ್ಡಿಯಿಲ್ಲ. ಅದು ಎದೆಗೆ ಏರುತ್ತದೆ ಅನ್ನುವ ಮಾತು ಕೇಳಿರುತ್ತೀ. ಗರ್ಭಕೋಶಕ್ಕೂ ಎದೆಗೂ ದಾರಿಯೇ ಇಲ್ಲ. ಮೂರು ತಿಂಗಳಿಗೊಮ್ಮೆಯ ಅಂತರಾ ಸೂಜಿಯೂ ಇದೆ. ಅದನ್ನು ಬಿಟ್ಟ ಮೇಲೆ ಬಸಿರು ನಿಲ್ಲಲು ಎಷ್ಟೋ ತಿಂಗಳು ಹಿಡಿಯುತ್ತದೆ, ಆದ್ದರಿಂದ ನಿನಗೆ ಅದನ್ನು ಹೇಳುವುದಿಲ್ಲ.

ನಿರೋಧ್ ಹರಿದರೆ ತುರ್ತು ಮಾತ್ರೆ 72 ಗಂಟೆಯೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದು ನಿಂತ ಬಸಿರನ್ನು ತೆಗೆಯುವುದಿಲ್ಲ. ಪ್ರತಿ ತಿಂಗಳೂ ಅದನ್ನೇ ನುಂಗುತ್ತ ಕೂರುವುದು ತರವಲ್ಲ.

ಒಂದು ಸಿಟ್ಟಿನ ಮಾತು. 1930ರಲ್ಲೇ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ನಮ್ಮೂರು ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆ ಮಾತು ಬೇರೆ. ಅಷ್ಟು ಹಿಂದೆಯೇ ಶುರುಮಾಡಿದ ಈ ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಕಂಡಿತು ಗೊತ್ತೇ? ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 57 ಮಂದಿಗೆ ಮಕ್ಕಳಾಗದ ಆಪರೇಷನ್ ಆಗಿದೆ. ಗಂಡಸರದ್ದು ಸೊನ್ನೆಯ ಹತ್ತಿರ. ಗಂಡಸರ ಆಪರೇಷನ್ ಹೊಲಿಗೆಯಿಲ್ಲದ ಸಣ್ಣ ಕೆಲಸ, ಅದೇ ದಿನ ಮನೆಗೆ ಬರಬಹುದು. ಮೂರು ತಿಂಗಳು ಮಾತ್ರ ನಿರೋಧ್ ಬಿಡಬಾರದು. ತುರ್ತು ಪರಿಸ್ಥಿತಿಯ ಕಾಲದ ಬಲವಂತದ ಆಪರೇಷನ್ ಕ್ಯಾಂಪುಗಳ ಹೆದರಿಕೆ ಮೊಮ್ಮಕ್ಕಳಿಗೂ ಇಳಿದಿದೆಯೋ, ಅಥವಾ ಅದೊಂದು ನೆಪವೋ. ನನಗಂತೂ ನೆಪ ಅನ್ನಿಸುತ್ತದೆ.

ಎಲ್ಲ ಮಾಡಿಯೂ ಬಸಿರು ನಿಂತರೆ ಮೆಡಿಕಲ್ ಶಾಪಿನಲ್ಲಿ ಗುಟ್ಟಾಗಿ ಬಸಿರು ತೆಗೆಯುವ ಮಾತ್ರೆ ಕೊಂಡು ನುಂಗಬೇಡ, ರಕ್ತ ನಿಲ್ಲದೆ ಬಂದವರನ್ನು ನೋಡಿದ್ದೇನೆ. 1971ರ ಗರ್ಭಪಾತ ಕಾಯ್ದೆ, ಅದರ 2021ರ ತಿದ್ದುಪಡಿಯ ಪ್ರಕಾರ, ಗರ್ಭನಿರೋಧಕ ಕೈಕೊಟ್ಟರೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಬಹುದು. ವಯಸ್ಕ ಹೆಣ್ಣಿನ ಸಹಿ ಸಾಕು, ಗಂಡನದ್ದು ಕಾನೂನು ಕೇಳುವುದಿಲ್ಲ.

ಈ ಕಾಗದ ಹುಡುಗನಿಗೂ ಓದಲು ಕೊಡು. ನಾಚಿಕೊಂಡರೆ ಅವನಿಗೇ ಒಂದು ಕ್ಯಾಲೆಂಡರ್ ಕೊಂಡು ತರಲು ಹೇಳು.

ನಿನ್ನ ದೊಡ್ಡವ್ವ