ಈ ನೆಲವನ್ನು ಮೊದಲು ಉತ್ತವರಾರು?

ಬಾಲ್ಯದ ನೆನಪು ಸುಳ್ಳಲ್ಲ. ಆದರೆ ಅದೇ ಪೂರ್ಣ ಇತಿಹಾಸವೂ ಅಲ್ಲ. ಇದಕ್ಕೊಂದು ನಿದರ್ಶನವನ್ನು ನೋಡೋಣ.

1969ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಲೇಖಕಿ ಅಲೆಕ್ಸಾಂಡ್ರಾ ಫುಲ್ಲರ್ ಅವರು ಎಳೆಯ ವಯಸ್ಸಿನಲ್ಲೇ ತಂದೆತಾಯಿಗಳೊಡನೆ ಆಫ್ರಿಕದ ರೊಡೇಷಿಯಕ್ಕೆ ಬಂದರು. ಮೊಜಾಂಬಿಕ್ ಗಡಿಯ ಬಳಿ, ಬರ್ಮಾ ಕಣಿವೆಯಲ್ಲಿ ಅವರ ಜಮೀನಿತ್ತು. ಅಲ್ಲಿಯ ಬೇಸಾಯವನ್ನೂ, ವಿಮೋಚನಾ ಸಮರದ ನೆಲಬಾಂಬುಗಳ ಭಯವನ್ನೂ, ತಮ್ಮವರ ವರ್ಣದ್ವೇಷವನ್ನೂ ಅವರು 2001ರ ಆತ್ಮಕಥನದಲ್ಲಿ ಮರೆಮಾಚದೆ ಬರೆದಿದ್ದಾರೆ. 1980ರಲ್ಲಿ ಆ ದೇಶವು ಸ್ವತಂತ್ರವಾಗಿ ಜಿಂಬಾಬ್ವೆ ಎನಿಸಿತು. ಜಮೀನು ಕೈಬಿಟ್ಟಿತು, ಕುಟುಂಬವು ಮುಂದೆ ಮಲಾವಿಗೂ ಅನಂತರ ಜಾಂಬಿಯಕ್ಕೂ ತೆರಳಿತು.

ಬೆಳೆದ ಮನೆಯನ್ನು ತೊರೆಯುವ ಮಗುವಿನ ದುಃಖ ನಿಜವಾದುದು. ಆದರೆ 1930ರ ಭೂವಿಂಗಡಣೆಯ ಕಾನೂನು ಬೆರಳೆಣಿಕೆಯ ಬಿಳಿಯರಿಗೆ ದೇಶದ ಸುಮಾರು ಅರ್ಧ ನೆಲವನ್ನು ಮೀಸಲಿಟ್ಟಿತ್ತು. ಅಲ್ಲಿ ಭೂಮಿ ಕೊಳ್ಳುವ ಹಕ್ಕು ಆಫ್ರಿಕನ್ನರಿಗಿರಲಿಲ್ಲ. ಒಕ್ಕಲೆಬ್ಬಿಸಲ್ಪಟ್ಟವರ ಮಕ್ಕಳಿಗೂ ಮನೆಯ ನೆನಪಿತ್ತಲ್ಲವೇ?

ವಿದ್ಯಾರ್ಥಿಗಳೇ, ಒಬ್ಬರ ನೆನಪನ್ನು ಗೌರವದಿಂದ ಓದೋಣ. ಓದಿ ಮುಗಿಸುವ ಮುನ್ನ ಈ ನೆಲವನ್ನು ಮೊದಲು ಉತ್ತವರಾರೆಂದೂ ಕೇಳೋಣ.