ರಾಕ್ಷಸನ ವಿಷಯ ಆಮೇಲೆ, ಮಗಳಿಗೆ ಏನಂದೆ?

ಮಗೂ, ಕತ್ತಿ ಬೀಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ, ಒಪ್ಪಿದೆ. ಗ್ರಿಫಿನ್ ಮೇಲಿಂದ ಎರಗುವಷ್ಟರಲ್ಲಿ ಪಕ್ಕಕ್ಕೆ ಉರುಳಿ, ಬಾಣ ಬಿಟ್ಟು ನೆಲಕ್ಕೆ ಕೆಡವುತ್ತೀಯ. ಆದರೆ ಯಾರಾದರೂ ಎದುರಿಗೆ ನಿಂತು ನಾಲ್ಕು ಮಾತು ಆಡಲು ಹೊರಟರೆ ಸಾಕು, ನಿನ್ನ ಹೆಬ್ಬೆರಳಿಗೆ ತುರಿಕೆ ಶುರು. ಸ್ಕಿಪ್, ಸ್ಕಿಪ್, ಸ್ಕಿಪ್. ಆಮೇಲೆ "ಈ ಗೇಮಲ್ಲಿ ಏನು ಮಾಡಿದ್ರೂ ಕೆಟ್ಟದ್ದೇ ಆಗುತ್ತೆ" ಅಂತ ಗೊಣಗಾಟ ಬೇರೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅಜ್ಜಿಗೇನು ಗೊತ್ತು ಅನ್ನಬೇಡ. 'ದಿ ವಿಚರ್ 3' ನಾನೂ ಆಡಿದವಳೇ. ನನ್ನ ಕೈ ನಿಧಾನ, ಹಾಗಾಗಿ ಕಾದಾಟ ಸುಲಭ ಮಾಡಿಕೊಂಡೆ. ಕಥೆಗೋಸ್ಕರ ಆಡುವವರಿಗೆ ಅಂತಲೇ ಅದರಲ್ಲಿ ಒಂದು ಮಟ್ಟ ಇಟ್ಟಿದ್ದಾರೆ. ನೀನು ನಗು, ಪರವಾಗಿಲ್ಲ. ನೀನು ಓಡಿಸಿದ ಮಾತುಗಳನ್ನೆಲ್ಲ ನಾನು ಕೂತು ಕೇಳಿದ್ದೇನೆ. ಈ ಆಟದಲ್ಲಿ ಇರುವುದೆಲ್ಲ ಆ ಮಾತುಗಳಲ್ಲೇ ಇದೆ.

ಆಟ ಬಂದದ್ದು 2015ರಲ್ಲಿ, ಪೋಲೆಂಡಿನ ಸಿಡಿ ಪ್ರೊಜೆಕ್ಟ್ ರೆಡ್ ಅನ್ನುವವರಿಂದ. ನಾಯಕ ಗೆರಾಲ್ಟ್ ಅದೇ ದೇಶದ ಲೇಖಕ ಆಂಜೇ ಸಪ್ಕೋವ್‌ಸ್ಕಿ ಅವರ ಕಥೆಗಳಿಂದ ಬಂದವನು. ಕೂಲಿಗೆ ಪಿಶಾಚಿ, ರಾಕ್ಷಸರನ್ನು ಕೊಲ್ಲುವುದು ಅವನ ಕಸುಬು. ಕಳೆದುಹೋದ ಸಾಕುಮಗಳು ಸಿರಿಯನ್ನು ಹುಡುಕಿಕೊಂಡು ಊರೂರು ಅಲೆಯುತ್ತಾನೆ. ಇದು ನಿನಗೆ ಗೊತ್ತು. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ, ಕೇಳು.

ಮೊದಲನೆಯ ಮಾತು: ಯಾರನ್ನೂ ಒಂದೇ ನೋಟಕ್ಕೆ ತೂಗಬೇಡ. ವೆಲೆನ್ ಸೀಮೆಯ ಆ ಬ್ಯಾರನ್ ಇದ್ದಾನಲ್ಲ, ದೊಡ್ಡ ಹೊಟ್ಟೆ, ದೊಡ್ಡ ನಗು. ದಿಕ್ಕಿಲ್ಲದೆ ಬಂದ ಸಿರಿಗೆ ಮನೆಯಲ್ಲಿ ಜಾಗ ಕೊಟ್ಟವನು. ನಿನಗೆ ತಕ್ಷಣ ಇಷ್ಟವಾಗಿಬಿಟ್ಟ. "ನನ್ನ ಹೆಂಡತಿ, ಮಗಳು ಕಾಣೆಯಾಗಿದ್ದಾರೆ, ಹುಡುಕಿಕೊಡು, ಸಿರಿಯ ಸುದ್ದಿ ಹೇಳುತ್ತೇನೆ" ಅಂದ. ನೀನು ಹೂಂ ಅಂದೆ. ಮನೆಯ ಮಹಡಿ ಹತ್ತಿ ನೋಡಿದರೆ ಜಗಳದ ಗುರುತುಗಳು. ಒಂದೊಂದಾಗಿ ಗುಟ್ಟು ಬಿಚ್ಚಿಕೊಂಡಿತು. ಕುಡಿದಾಗ ಹೆಂಡತಿಯನ್ನು ಹೊಡೆಯುತ್ತಿದ್ದವನು. ಆ ಹೊಡೆತದ ರಾತ್ರಿಯೇ ಹೆಂಡತಿ ಆನಾಳ ಗರ್ಭ ಇಳಿದುಹೋಗಿದೆ. ತಾಯಿ, ಮಗಳು ಕಾಣೆಯಾದವರಲ್ಲ, ಓಡಿಹೋದವರು.

ಆಗ ನಿನಗೆ ಸಿಟ್ಟು ಬಂತು, ಬರಲೇಬೇಕು. ಆದರೆ ಅವನು ಯುದ್ಧದ ಕಥೆ, ಹೆಂಡತಿ ಬೇರೊಬ್ಬನ ಜೊತೆಗಿದ್ದ ಕಥೆ ಎಲ್ಲ ಹೇಳಿ ಕಣ್ಣೀರು ಹಾಕಿದ ಕೂಡಲೇ "ಪಾಪ" ಅಂದುಬಿಟ್ಟೆ. ಎರಡೂ ಅವಸರವೇ. ಇಂಥ ಗಂಡಸರನ್ನು ನಮ್ಮ ಕಾಲದಲ್ಲಿ ಬೀದಿಗೊಬ್ಬರಂತೆ ಕಂಡಿದ್ದೇವೆ. ಸಂಜೆ ಕೈಯೆತ್ತುವವನು, ಬೆಳಗ್ಗೆ ದೇವರಂಥವನು. ಹೊಡೆಯುವ ಕೈಗೆ ಕಾರಣಗಳ ಬರ ಯಾವತ್ತೂ ಇರುವುದಿಲ್ಲ. ಕಾರಣ ಕೇಳಿಸಿಕೊ, ಬೇಡ ಅನ್ನುವುದಿಲ್ಲ. ಕೇಳಿಸಿಕೊಂಡದ್ದೇ ಕ್ಷಮಿಸಿದ ಹಾಗೆ ಅಂದುಕೊಳ್ಳಬೇಡ. ಕ್ಷಮಿಸುವ ಹಕ್ಕು ಏಟು ತಿಂದವಳದ್ದು, ನಿನ್ನದಲ್ಲ.

ಮಗಳು ತಮಾರಾ ಸಿಕ್ಕಿದಾಗ "ಅಪ್ಪನ ಮನೆಗೆ ಬರುವುದಿಲ್ಲ" ಅಂದಳು. ನಿನಗೆ ಬೇಜಾರು, ಕ್ವೆಸ್ಟ್ ಪೂರ್ತಿ ಆಗಲಿಲ್ಲ ಅಂತ! ಅವಳು ಎತ್ತಿಕೊಂಡು ಹೋಗಿ ಒಪ್ಪಿಸುವ ಸಾಮಾನೇನೋ? ಬರುವುದಿಲ್ಲ ಅಂದರೆ ಮುಗಿಯಿತು.

ಆ ಬ್ಯಾರನ್ ನಿಜಕ್ಕೂ ಮನುಷ್ಯನ ಹಾಗೆ ಕಾಣುವ ಒಂದು ಗಳಿಗೆ ಇದೆ. ಅದನ್ನು ನೀನು ನೋಡಲೇ ಇಲ್ಲ, ಅವಸರದಲ್ಲಿ ಕತ್ತಿ ಎತ್ತಿ ಮುಗಿಸಿಬಿಟ್ಟೆ. ಹೆಸರೂ ಇಲ್ಲದೆ, ಸಂಸ್ಕಾರವೂ ಇಲ್ಲದೆ ಹೂತ ಆ ಕೂಸು ಪಿಶಾಚಿಯಾಗಿ ಎದ್ದು ಬಂದಿದೆ. ಅದನ್ನು ಕೊಲ್ಲಬಹುದು. ಇಲ್ಲವೇ, ತಂದೆಯೇ ಅದನ್ನು ಕೈಯಲ್ಲಿ ಎತ್ತಿಕೊಂಡು ಮನೆಬಾಗಿಲ ತನಕ ನಡೆಯಬೇಕು. ರಾತ್ರಿ. ದಾರಿಯುದ್ದಕ್ಕೂ ಪ್ರೇತಗಳು ಮುತ್ತುತ್ತವೆ. ಕೂಸು ಆಗಾಗ ಕೆರಳುತ್ತದೆ, ಗೆರಾಲ್ಟ್ ಮಂತ್ರದ ಮುದ್ರೆ ಹಾಕಿ ಸುಮ್ಮನಾಗಿಸಬೇಕು. ಬ್ಯಾರನ್ ಬಡಬಡಿಸುತ್ತ, ಹೆದರುತ್ತ, ಆದರೂ ಕೆಳಗಿಡದೆ ನಡೆಯುತ್ತಾನೆ. ಹೊಸಿಲ ಬಳಿ ಗುಂಡಿ ತೋಡಿ, ದೇಯಾ ಅಂತ ಹೆಸರಿಟ್ಟು, ಮಗಳೇ ಅಂತ ಒಪ್ಪಿಕೊಂಡು ಹೂಳುತ್ತಾನೆ. ಅಷ್ಟರಿಂದ ಅವನ ಪಾಪವೇನೂ ತೊಳೆದುಹೋಗಲಿಲ್ಲ. ಆದರೆ ಮಾಡಿದ್ದನ್ನು ಕೈಯಲ್ಲಿ ಹೊತ್ತು ನಡೆದ. ಕಣ್ಣೀರಿಗಿಂತ ಆ ನಡಿಗೆಗೆ ನಾನು ಬೆಲೆ ಕೊಡುತ್ತೇನೆ.

ಎರಡನೆಯ ಮಾತು: ಒಳ್ಳೆಯದು ಮಾಡಲು ಹೊರಟಾಗಲೂ ವಿಚಾರಿಸಿ ಹೆಜ್ಜೆ ಇಡು. ಗುಡ್ಡದ ಮರದ ಬುಡದಲ್ಲಿ ಸೆರೆಯಾಗಿರುವ ಆ ಆತ್ಮದ ಪ್ರಸಂಗ ನೆನಪಿದೆಯಾ? "ನನ್ನನ್ನು ಬಿಡಿಸು, ಜವುಗಿನಲ್ಲಿರುವ ಅನಾಥ ಮಕ್ಕಳನ್ನು ಮಾಟದ ಮುದುಕಿಯರ ಬಾಯಿಂದ ಉಳಿಸುತ್ತೇನೆ" ಅನ್ನುತ್ತದೆ. ಮಕ್ಕಳು ಅಂದ ಕೂಡಲೇ ನೀನು ಕರಗಿಹೋದೆ. ಬಿಡಿಸಿದೆ. ಮಕ್ಕಳೇನೋ ಉಳಿದರು. ಡೌನ್‌ವಾರೆನ್ ಅನ್ನುವ ಹಳ್ಳಿ ಸ್ಮಶಾನವಾಯಿತು. ಮುದುಕಿಯರ ಸಿಟ್ಟಿಗೆ, ಆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಆನಾ ಬಲಿಯಾದಳು. ಬ್ಯಾರನ್ ತನ್ನ ಕೋಟೆಯಲ್ಲೇ ಮರಕ್ಕೆ ನೇಣು ಹಾಕಿಕೊಂಡ. ಆತ್ಮವನ್ನು ಕೊಂದಿದ್ದರೆ? ಆನಾ ಜೀವಂತ ಉಳಿಯುತ್ತಿದ್ದಳು, ಬುದ್ಧಿ ಮಾತ್ರ ಸ್ಥಿಮಿತ ತಪ್ಪಿ. ಬ್ಯಾರನ್ ಅವಳಿಗೆ ಮದ್ದು ಮಾಡಿಸಲು ದೂರದ ಬೆಟ್ಟಸೀಮೆಗೆ ಕರೆದುಕೊಂಡು ಹೋಗುತ್ತಿದ್ದ. ಮಕ್ಕಳು ಇರುತ್ತಿರಲಿಲ್ಲ.

ಯಾವುದು ಸರಿ ಅಂತ ಕೇಳಿದೆ. ನನ್ನನ್ನು ಕೇಳಿದರೆ ಲೆಕ್ಕ ಸರಿಹೋಗುವ ಉತ್ತರ ಅಲ್ಲಿಲ್ಲ. ಆದರೆ ಕೇಳಿ ಮಾಡಿದ್ದಕ್ಕೂ ಕೇಳದೆ ಮಾಡಿದ್ದಕ್ಕೂ ವ್ಯತ್ಯಾಸ ಇದೆ. ಆ ಆತ್ಮ ಯಾರು, ಅದನ್ನು ಅಲ್ಲಿ ಕಟ್ಟಿಹಾಕಿದ್ದು ಯಾಕೆ, ಊರವರು ಅದಕ್ಕೆ ಯಾಕೆ ಹೆದರುತ್ತಾರೆ ಅಂತ ವಿಚಾರಿಸುವ ಅವಕಾಶ ನಿನಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ. ನೀನು ಮಕ್ಕಳ ಹೆಸರು ಕೇಳಿ ಕೈ ಹಾಕಿದೆ. ನಾಳೆ ನಿನ್ನ ಫೋನಿಗೂ ಹೀಗೇ ಒಂದು ಸುದ್ದಿ ಬರುತ್ತದೆ, ಮಕ್ಕಳ ಹೆಸರು ಹೇಳಿ, ಧರ್ಮದ ಹೆಸರು ಹೇಳಿ, ನಿನ್ನ ಕರುಳು ಚುರ್ ಅನ್ನುವ ಹಾಗೆ. ಆವತ್ತೂ ಹೆಬ್ಬೆರಳು ಮೊದಲು ಓಡಬಾರದು.

ಮೂರನೆಯದು ನಿನಗೆ ಕಹಿಯಾಗುತ್ತದೆ: ಹಳೆಯ ಸೇವ್ ಲೋಡ್ ಮಾಡುವ ಚಟ ಬಿಡು. ಚೌಕಾಬಾರ ಆಡುವಾಗ ಬಿದ್ದ ಕವಡೆ ಬಿದ್ದಂತೆ. ಸಣ್ಣ ಗರ ಬಿತ್ತು ಅಂತ ಕವಡೆ ಬಾಚಿಕೊಂಡು ಮತ್ತೆ ಹಾಕುವವರನ್ನು ನಾವು ಮರುದಿನ ಜಗಲಿಗೆ ಹತ್ತಿಸುತ್ತಿರಲಿಲ್ಲ. ವಿಚರ್ ಮಾಡಿದವರು ನಿನ್ನಂಥವರನ್ನು ಚೆನ್ನಾಗಿ ಬಲ್ಲರು. ಅದಕ್ಕೇ ಗುಡ್ಡದ ಮೇಲೆ ಮಾಡಿದ್ದರ ಫಲವನ್ನು ಅಲ್ಲೇ ತೋರಿಸುವುದಿಲ್ಲ. ನೀನು ನಾಲ್ಕೂರು ಸುತ್ತಿ, ಬೇರೆ ಕೆಲಸ ಮುಗಿಸಿ, ಆ ವಿಷಯ ಮರೆತ ಮೇಲೆ ಎದುರಿಗೆ ತಂದಿಡುತ್ತಾರೆ. ಹಿಂದಕ್ಕೆ ಹೋಗಲು ಆಗ ನಿನಗೇ ಸುಸ್ತು. ಬದುಕಿನಲ್ಲೂ ಫಲ ಹಾಗೆಯೇ ತಡವಾಗಿ ಬರುತ್ತದೆ.

2015ರಲ್ಲೇ ಬಂದ 'ಅಂಡರ್‌ಟೇಲ್' ಅಂತ ಇನ್ನೊಂದು ಆಟ ಇದೆ, ಟೋಬಿ ಫಾಕ್ಸ್ ಅನ್ನುವವರದ್ದು. ನೋಡಲು ಮಕ್ಕಳಾಟಿಕೆಯ ಹಾಗಿದೆ, ಒಳಗೆ ಭಾರಿ ಖಾರ. ಅದರಲ್ಲಿ ಎದುರು ಬಂದ ಯಾರನ್ನೂ ಕೊಲ್ಲಲೇಬೇಕು ಅಂತಿಲ್ಲ. ಮಾತಾಡಿಸಿಯೋ ಕರುಣೆ ತೋರಿಸಿಯೋ ಮುಂದೆ ಹೋಗಬಹುದು. ಶುರುವಿನಲ್ಲೇ ಟೋರಿಯಲ್ ಅನ್ನುವ ತಾಯಿಯಂಥವಳು ನಿನ್ನನ್ನು ಸಾಕುತ್ತಾಳೆ, ಹೊರಗೆ ಅಪಾಯ ಅಂತ ಅಡ್ಡ ನಿಲ್ಲುತ್ತಾಳೆ. ಕೆಲವರು ಗೊತ್ತಾಗದೆ ಅವಳನ್ನು ಕೊಂದು, ಮನಸ್ಸು ತಡೆಯದೆ, ಮತ್ತೆ ಲೋಡ್ ಮಾಡಿ ಉಳಿಸುತ್ತಾರೆ. ಆಮೇಲೆ ಎದುರಾಗುವ ಫ್ಲಾವಿ ಅನ್ನುವ ಹೂವು ನಕ್ಕು, ನೀನು ಮೊದಲು ಏನು ಮಾಡಿದ್ದೆ ಅಂತ ಎತ್ತಿ ಆಡುತ್ತದೆ. ಅಳಿಸಿದೆ ಅಂದುಕೊಂಡದ್ದು ಆ ಆಟಕ್ಕೆ ನೆನಪಿದೆ! ಎಲ್ಲರನ್ನೂ ಹುಡುಕಿ ಹುಡುಕಿ ಕೊಂದು ಮುಗಿಸಿದವರು ಆಮೇಲೆ ಎಷ್ಟೇ ಒಳ್ಳೆಯವರಾಗಿ ಆಡಿದರೂ ಕೊನೆಯ ಸುಖದ ದೃಶ್ಯದಲ್ಲಿ ಒಂದು ಕಲೆ ಉಳಿದೇ ಉಳಿಯುತ್ತದೆ. ಮಾಡಿದ್ದುಣ್ಣೋ ಮಹಾರಾಯ.

ನಾಲ್ಕನೆಯದು, ನಿನ್ನ ಕಳ್ಳತನ. ಮುಖ ಕೆಂಪಾಗಿಸಬೇಡ, ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ರಾಕ್ಷಸನಿಂದ ಊರು ಉಳಿಸಲು ಬಂದವನು ನೀನು. ಬಂದವನೇ ರೈತನ ಗುಡಿಸಲಿಗೆ ನುಗ್ಗಿ ಪೆಟ್ಟಿಗೆಯಲ್ಲಿದ್ದ ಬ್ರೆಡ್ಡು, ಚಮಚ, ದಾರದುಂಡೆ ಎಲ್ಲ ಬಾಚಿ ಚೀಲಕ್ಕೆ ತುರುಕಿದೆ. ಮನೆಯವನು ಪಕ್ಕದಲ್ಲೇ ನಿಂತು ನೋಡುತ್ತಾನೆ, ಚಕಾರ ಎತ್ತುವುದಿಲ್ಲ. ಕಾವಲಿನವರ ಕಣ್ಣಿಗೆ ಬಿದ್ದರೆ ಮಾತ್ರ ರಂಪ. ಆಮೇಲೆ ಅದೇ ರೈತನ ಜೊತೆ ಕೂಲಿಗೆ ಚೌಕಾಸಿ, ಅವನ ಮುಖ ಗಂಟಿಕ್ಕುವ ತನಕ. ಆಟ ಬಿಟ್ಟುಕೊಟ್ಟಿತು ಅಂತ ಎಲ್ಲವನ್ನೂ ಮಾಡಬೇಕು ಅಂತಿಲ್ಲ. ಕೆಲವು ಕಡೆ ಬಡವರು ಕೊಡುವ ದುಡ್ಡನ್ನು ಬೇಡ ಅನ್ನುವ ಅವಕಾಶವೂ ಇದೆ. ಒಮ್ಮೆ ಬೇಡ ಅಂದು ನೋಡು, ನಿನ್ನ ಗೆರಾಲ್ಟ್ ಬಡವನಾಗಿಬಿಡುವುದಿಲ್ಲ.

ಯಾರೂ ತಡೆಯದ ಕಡೆ ನಾವು ಹೇಗೆ ನಡೆದುಕೊಳ್ಳುತ್ತೇವೆ ಅನ್ನುವುದನ್ನು 1985ರಲ್ಲೇ ರಿಚರ್ಡ್ ಗ್ಯಾರಿಯಟ್ ಅನ್ನುವವರು ಯೋಚಿಸಿದ್ದರು. ಅವರ 'ಅಲ್ಟಿಮಾ 4'ರಲ್ಲಿ ಕೊನೆಗೆ ಕೊಲ್ಲಬೇಕಾದ ಮಹಾ ರಾಕ್ಷಸನೇ ಇಲ್ಲ. ಪ್ರಾಮಾಣಿಕತೆ, ಕರುಣೆ, ಶೌರ್ಯ, ನ್ಯಾಯ, ತ್ಯಾಗ, ಗೌರವ, ಅಧ್ಯಾತ್ಮ, ವಿನಯ ಅನ್ನುವ ಎಂಟು ಗುಣ ಗಳಿಸಬೇಕು, ಅವತಾರ ಅನ್ನಿಸಿಕೊಳ್ಳಬೇಕು, ಅದೇ ಆಟ. ಗಿಡಮೂಲಿಕೆ ಮಾರುವವಳಿಗೆ ಕಣ್ಣು ಕಾಣುವುದಿಲ್ಲ. ಅವಳು ಬೆಲೆ ಹೇಳುತ್ತಾಳೆ, ಎಷ್ಟು ಕೊಡುತ್ತೀ ಅನ್ನುವುದನ್ನು ನೀನೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೂ ಸಾಮಾನು ಸಿಗುತ್ತದೆ, ಅವಳು ಜಗಳವಾಡುವುದಿಲ್ಲ. ಆದರೆ ಒಳಗೊಂದು ಖಾತೆಯಲ್ಲಿ ನಿನ್ನ ಪ್ರಾಮಾಣಿಕತೆ ಸದ್ದಿಲ್ಲದೆ ಕೆಳಗಿಳಿಯುತ್ತದೆ. ಭಿಕ್ಷುಕನಿಗೆ ಕಾಸು ಹಾಕಿದರೆ ಕರುಣೆ ಏರುತ್ತದೆ. ಪರದೆಯ ಮೇಲೆ ಅಂಕ ಕಾಣಿಸುವುದಿಲ್ಲ. ಅರಮನೆಯಲ್ಲಿರುವ ಒಬ್ಬ ಜ್ಞಾನಿಯನ್ನು ಹೋಗಿ ಕೇಳಿದರೆ ಮಾತ್ರ ನೀನು ಎಲ್ಲಿದ್ದೀಯ ಅಂತ ಹೇಳುತ್ತಾನೆ. ವಿಚರ್‌ನಲ್ಲಿ ರೈತನ ಪೆಟ್ಟಿಗೆಗೆ ಅಂಥ ಖಾತೆ ಇಲ್ಲ. ಆದ್ದರಿಂದಲೇ ಅಲ್ಲಿ ನಿನ್ನ ಬಣ್ಣ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಕೊನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು. ನಿನ್ನ ಆಟದಲ್ಲಿ ಸಿರಿ ವಾಪಸ್ ಬರಲಿಲ್ಲ. "ಇಷ್ಟೊಂದು ಗೆದ್ದು, ಕೊನೆಗೆ ಹೀಗಾ?" ಅಂತ ಕಂಟ್ರೋಲರ್ ಎಸೆದೆಯಲ್ಲ, ಕಾರಣ ಹೇಳಲಾ? ಅದು ಯಾವ ಕಾಳಗದಲ್ಲೂ ತೀರ್ಮಾನವಾದದ್ದಲ್ಲ. ಗೆರಾಲ್ಟ್‌ನನ್ನು ಸಾಕಿದ ವೆಸೆಮಿರ್ ಸತ್ತ ಮೇಲೆ ಹುಡುಗಿ ಕುಗ್ಗಿ ಕೂತಿದ್ದಾಗ "ಎಲ್ಲದರಲ್ಲೂ ನೀನೇ ಗೆಲ್ಲಬೇಕು ಅಂತೇನಿಲ್ಲ" ಅಂತ ಸಮಾಧಾನದ ಒಂದು ಮಾತು ಎಸೆದು, ಕುಡಿಯಲು ಕೂರಿಸಿದೆ. ಎಬ್ಬಿಸಿಕೊಂಡು ಹೋಗಿ ಹಿಮದ ಉಂಡೆ ಎರಚಾಡಬೇಕಿತ್ತು. ಮಾಂತ್ರಿಕ ಹೆಂಗಸರ ಸಭೆಗೆ ಅವಳು ಹೊರಟಾಗ, ಅವಳೊಬ್ಬಳಿಗೆ ಬಿಡದೆ ಹಿಂದೆ ಹಿಂದೆ ಹೋದೆ. ಅವಳ ಗುರು ಅವಾಲಾಕ್‌ನ ಪ್ರಯೋಗಶಾಲೆಯಲ್ಲಿ ಅವಳ ಸಿಟ್ಟು ಉಕ್ಕಿದಾಗ "ಸಮಾಧಾನ ಮಾಡ್ಕೋ" ಅಂದೆ. ನಾಲ್ಕು ಗಾಜು ಒಡೆದರೆ ಒಡೆಯಲಿ ಅನ್ನಬೇಕಿತ್ತು. ತನ್ನನ್ನು ಕಾಪಾಡಿ ಸತ್ತ ಹುಡುಗನ ಸಮಾಧಿ ನೋಡಬೇಕು ಅಂದಾಗ "ಟೈಮಿಲ್ಲ" ಅಂದೆ. ಅವಳ ಹೆತ್ತಪ್ಪ ಚಕ್ರವರ್ತಿ ದುಡ್ಡಿನ ಚೀಲ ಚಾಚಿದಾಗ ಕೈ ಒಡ್ಡಿದೆ, ಅವಳ ಎದುರಿಗೇ.

ಆಟ ಇವುಗಳನ್ನು ಸದ್ದಿಲ್ಲದೆ ಬರೆದಿಟ್ಟುಕೊಂಡಿರುತ್ತದೆ. ಒಳ್ಳೆಯವು ಮೂರಾದರೂ ಇದ್ದರೆ ಅವಳು ಬದುಕುತ್ತಾಳೆ. ಕೊನೆಯಲ್ಲಿ ಒಬ್ಬಳೇ ಹಿಮದ ಪ್ರಳಯದ ಎದುರಿಗೆ ನಡೆಯುವಾಗ ಅವಳ ಕಣ್ಣ ಮುಂದೆ ಬರುವುದು ಈ ಚಿಲ್ಲರೆ ಗಳಿಗೆಗಳೇ. ಅಪ್ಪ ನನ್ನ ನಂಬಿದ ಅನ್ನುವ ಧೈರ್ಯ ಇದ್ದವಳು ವಾಪಸ್ ಬರುತ್ತಾಳೆ. ಲೋಕವನ್ನೆಲ್ಲ ಕಾಯಲು ಹೊರಟ ನಿನಗೆ ಮಗಳ ಜೊತೆ ಐದು ನಿಮಿಷ ಕೂರಲು ಪುರುಸೊತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇದಕ್ಕೇ.

ಇಷ್ಟು ಕೇಳಿ ಈಗ ಯೂಟ್ಯೂಬ್ ತೆರೆದು "ಒಳ್ಳೆಯ ಎಂಡಿಂಗ್ ಪಡೆಯುವುದು ಹೇಗೆ" ಅಂತ ಹುಡುಕಲು ಹೋಗಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಪಟ್ಟಿ ನೋಡಿ ಒತ್ತಿದ ಒಳ್ಳೆಯತನ ನಿನ್ನದಾಗುವುದಿಲ್ಲ. ಬೇಕಿದ್ದರೆ ಒಂದು ಸಲ ಪೂರ್ತಿ ಕೆಟ್ಟವನಾಗಿಯೂ ಆಡು, ತಪ್ಪಿಲ್ಲ. ಎಲ್ಲಿ ಬೆರಳು ಹಿಂಜರಿಯಿತು, ಎಲ್ಲಿ ಹಿಂಜರಿಯಲೇ ಇಲ್ಲ ಅಂತ ಮಾತ್ರ ಗಮನಿಸು. ಹಿಂಜರಿಯದ ಜಾಗದ ಮೇಲೆ ಒಂದು ಕಣ್ಣಿರಲಿ.

ನೀನು ಒಳ್ಳೆಯ ಹುಡುಗ, ಅದರಲ್ಲಿ ನನಗೆ ಅನುಮಾನ ಇಲ್ಲ. ಗುಡ್ಡದ ಮೇಲೆ ಮಕ್ಕಳ ಹೆಸರು ಕೇಳಿ ಕರಗಿದವನು ಕೆಟ್ಟವನಾಗುವುದು ಕಷ್ಟ. ನಿನಗಿರುವ ಕೊರತೆ ತಾಳ್ಮೆಯೊಂದೇ. ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ, ಆಗಿನಿಂದ. ಅವಳ ಮಾತನ್ನು ಸ್ಕಿಪ್ ಮಾಡಬೇಡ. ಸೇವ್ ಮಾಡಿ ಏಳು.